ವಸಡಿನ ವ್ಯಾಧಿಯ ಶಸ್ತ್ರರಹಿತ ಚಿಕಿತ್ಸೆಯಲ್ಲಿ ಪ್ರತಿಜೀವಕಗಳ ಸ್ಥಾನ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಸೀಮೆಯಲ್ಲಿ, ಹಳೆಯ ಮೈಸೂರು ನಾಡಿನ ಉಳಿದ ಕಡೆಗಳಲ್ಲಿರುವಂತೆಯೇ, ಶುದ್ಧಿಯಿಲ್ಲದ ಹಲ್ಲನ್ನು ಕುರಿತು ‘ಹಲ್ಲು ಪಾಚಿಗಟ್ಟಿದೆ’ ಎಂದು ಹೇಳುವ ವಾಡಿಕೆಯುಂಟು. ಪಾಚಿಯೆಂಬುದು ನಿಂತ ನೀರಿನಲ್ಲಿಯೂ ಒದ್ದೆಯಾದ ಕಲ್ಲಿನ ಮೇಲೆಯೂ ಬೆಳೆಯುವ ಜಾರುವ ಪದರ. ಆಡುಮಾತಿನ ಈ ಪ್ರಯೋಗವು ಬರಿಯ ಉಪಮೆಯೆಂದು ತೋರಬಹುದು. ಆದರೆ ವಸಡಿನ ವ್ಯಾಧಿಯ ವಿಷಯದಲ್ಲಿ ದಂತವೈದ್ಯಶಾಸ್ತ್ರವು ಬಹುಕಾಲ ಸುತ್ತಿ ಬಂದು ಸೇರಿದ ನೆಲೆಯೂ ಇದೇ ಆಗಿದೆ. ವ್ಯಾಧಿಗೆ ಕಾರಣವಾದ ಸೂಕ್ಷ್ಮಜೀವಿಗಳು ಒಂಟೊಂಟಿಯಾಗಿ ಅಲೆಯುವುದಿಲ್ಲ. ಹಲ್ಲಿನ ಮೇಲೆ ಪಾಚಿಯಾಗಿ ಅಂಟಿ, ಒಂದರ ಆಶ್ರಯದಲ್ಲಿ ಮತ್ತೊಂದು ಬದುಕುತ್ತವೆ. ಈ ಸಂಗತಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ, ಇಂದು ಔಷಧದ ಅಂಗಡಿಗಳಲ್ಲಿ ಸುಲಭವಾಗಿ ಕೈಗೆ ಬರುವ ಪ್ರತಿಜೀವಕ ಗುಳಿಗೆಗಳಿಂದ ವಸಡಿನ ರೋಗಕ್ಕೆ ಎಷ್ಟರಮಟ್ಟಿಗೆ ಪ್ರಯೋಜನವುಂಟು, ಎಲ್ಲಿ ಪ್ರಯೋಜನವಿಲ್ಲ ಎಂಬುದನ್ನು ವಿಚಾರಿಸುವುದು ಸುಗಮವಾಗುತ್ತದೆ.

ಮೊದಲು ರೋಗದ ಸ್ವರೂಪವನ್ನು ತಿಳಿಯತಕ್ಕದ್ದು. ಹಲ್ಲಿನ ಬೇರು ದವಡೆಯ ಎಲುಬಿನಲ್ಲಿ ಗೂಟದಂತೆ ನೇರವಾಗಿ ನಾಟಿಕೊಂಡಿರುವುದಿಲ್ಲ. ಅತಿಸೂಕ್ಷ್ಮವಾದ ತಂತುಗಳು ಅದನ್ನು ಸುತ್ತಲಿನ ಎಲುಬಿಗೆ ಬಿಗಿದು ಹಿಡಿದಿರುತ್ತವೆ. ಅದರ ಮೇಲೆ ವಸಡು ಹಲ್ಲಿನ ಕೊರಳನ್ನು ಸುತ್ತಿ ಮುಚ್ಚಿರುತ್ತದೆ. ವಸಡಿನ ಅಂಚಿಗೂ ಹಲ್ಲಿಗೂ ನಡುವೆ ಆರೋಗ್ಯದ ಸ್ಥಿತಿಯಲ್ಲಿ 1ರಿಂದ 3 ಮಿಲಿಮೀಟರ್ ಆಳದ ಒಂದು ಸಂದಿರುವುದು. ಪಾಚಿಯು ಈ ಅಂಚಿನಲ್ಲಿ ನೆಲಸಿದಾಗ ವಸಡು ಕೆಂಪಗಾಗಿ ಊದಿಕೊಂಡು, ಹಲ್ಲುಜ್ಜುವಾಗ ರಕ್ತ ಕಾಣಿಸುತ್ತದೆ. ಇದು ವಸಡಿನ ಉರಿಯೂತವೆಂಬ ಮೊದಲ ಹಂತ. ಚೊಕ್ಕಟ ಮಾಡಿದರೆ ಕೆಲವು ದಿನಗಳಲ್ಲಿ ಪೂರ್ವಸ್ಥಿತಿಗೆ ಬರುತ್ತದೆ. ಆದರೆ ಪಾಚಿಯು ಸಂದಿನೊಳಕ್ಕೆ ಇಳಿದು, ಉಗುಳಿನಲ್ಲಿರುವ ಸುಣ್ಣದ ಅಂಶವನ್ನು ಹೀರಿ ಗಾರೆಯಂತೆ ಗಟ್ಟಿಯಾಗಿ, ತಂತುಗಳು ಕಡಿದು, ಎಲುಬು ಕರಗತೊಡಗಿದರೆ, ಸಂದು ಹೋಗಿ ಚೀಲವಾಗುವುದು. ಅದರ ಆಳವು 4, 6, ಕೆಲವೊಮ್ಮೆ 8 ಮಿಲಿಮೀಟರ್‌ಗೂ ಮೀರುವುದು. ಇದೇ ಪರಿದಂತ ವ್ಯಾಧಿ. ಕರಗಿದ ಎಲುಬು ಸಾಮಾನ್ಯವಾಗಿ ತಾನಾಗಿ ಮರಳಿ ಬೆಳೆಯದು. ಈ ವ್ಯಾಧಿಯ ಕಪಟವೇನೆಂದರೆ ಇದರಲ್ಲಿ ನೋವು ಅತ್ಯಲ್ಪ. ಹುಳುಕುಹಲ್ಲು ರಾತ್ರಿಯಿಡೀ ನಿದ್ದೆಗೆಡಿಸಿ ವೈದ್ಯನಲ್ಲಿಗೆ ಓಡಿಸುತ್ತದೆ. ಪರಿದಂತ ವ್ಯಾಧಿಯಾದರೋ ಹಲ್ಲು ಅಲುಗಾಡುವವರೆಗೂ ಮೌನವಾಗಿ ಇರುತ್ತದೆ.

ಪ್ರಾಚೀನರಿಗೆ ಈ ವ್ಯಾಧಿ ಅಪರಿಚಿತವಾಗಿರಲಿಲ್ಲ. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಬಾಯಿಯ ಅರುವತ್ತೈದು ರೋಗಗಳನ್ನು ಏಳು ಸ್ಥಾನಗಳಿಗೆ ಹಂಚಿ ಹೇಳಿದೆ. ಅವುಗಳಲ್ಲಿ ಹದಿನೈದು ದಂತಮೂಲಕ್ಕೆ, ಎಂದರೆ ವಸಡಿಗೆ, ಸೇರಿದವು. ಹಲ್ಲಿಗೇ ಸೇರಿದವು ಎಂಟು ಮಾತ್ರ. ರಕ್ತವೂ ಕೀವೂ ಸುರಿದು ಹಲ್ಲು ಅಲುಗುವುದನ್ನು ದಂತವೇಷ್ಟವೆಂದೂ, ಉರಿ ಮತ್ತು ಪಾಕದೊಡನೆ ಸ್ವಲ್ಪ ತಾಗಿದರೂ ರಕ್ತ ಸೋರುವುದನ್ನು ಉಪಕುಶವೆಂದೂ ಹೆಸರಿಸಿದ್ದಾರೆ. ಹಲ್ಲಿನ ಮೇಲೆ ಒಣಗಿ ಕಲ್ಲಾಗಿ ನಿಂತ ಮಲವು ದಂತಶರ್ಕರೆ. ಶರ್ಕರೆಯೆಂದರೆ ಇಲ್ಲಿ ಸಕ್ಕರೆಯಲ್ಲ, ಮರಳುಗಲ್ಲು. ಇದನ್ನು ಹಲ್ಲಿನ ರೋಗಗಳ ಪಟ್ಟಿಯಲ್ಲಿ ಸೇರಿಸಿರುವರೇ ಹೊರತು ವಸಡಿನ ರೋಗಗಳಿಗೆ ಕಾರಣವೆಂದು ಹೇಳಿಲ್ಲ. ಆದರೂ ಚಿಕಿತ್ಸಾಸ್ಥಾನದಲ್ಲಿ ಕೊಟ್ಟಿರುವ ವಿಧಿಯು ಗಮನಾರ್ಹವಾಗಿದೆ: ವಸಡಿಗೆ ಹಿಂಸೆಯಾಗದಂತೆ ಶರ್ಕರೆಯನ್ನು ಎತ್ತಿ ತೆಗೆದು, ಆ ಬಳಿಕ ಅರಗಿನ ಪುಡಿಯನ್ನು ಜೇನಿನೊಡನೆ ಸೇರಿಸಿ ತಿಕ್ಕಬೇಕೆಂದು ಅಲ್ಲಿದೆ. ಇದಕ್ಕೆ ಬೇಕಾದ ದಂತಶಂಕುವೆಂಬ ಉಪಕರಣವು ಆ ಗ್ರಂಥದ ಇಪ್ಪತ್ತು ಶಸ್ತ್ರಗಳಲ್ಲಿ ಒಂದು. ಮೊದಲು ಕೆರೆದು ತೆಗೆಯುವುದು, ಆಮೇಲೆ ಔಷಧ. ಈ ಕ್ರಮವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನ ಚರ್ಚೆಯೆಲ್ಲ ಈ ಕ್ರಮದ ಸುತ್ತಲೇ ನಡೆಯುತ್ತದೆ.

ಚನ್ನರಾಯಪಟ್ಟಣ ತಾಲ್ಲೂಕಿಗೆ ಸೇರಿದ ಶ್ರವಣಬೆಳಗೊಳವು ತನ್ನ ಹೆಸರನ್ನೇ ಕೊಳದಿಂದ ಪಡೆದುದು; ಬಿಳಿಯ ಕೊಳವೇ ಬೆಳ್ಗೊಳ. ಎರಡು ಬೆಟ್ಟಗಳ ನಡುವಣ ಕಲ್ಯಾಣಿಯಂಥ ಕಲ್ಲುಕಟ್ಟಡದ ಕೊಳವೊಂದನ್ನು ಊಹಿಸಿಕೊಳ್ಳಬಹುದು. ಅದರ ಪಾವಟಿಗೆಗಳ ಸಂದುಗಳಲ್ಲಿ ಪಾಚಿ ಬೆಳೆದಿದೆ ಎಂದಿಟ್ಟುಕೊಂಡರೆ, ನೀರಿಗೆ ಔಷಧವನ್ನು ಸುರಿದವನು ನೀರಿನಲ್ಲಿ ತೇಲುವ ಜೀವಿಗಳನ್ನು ಕೊಂದಾನು. ಕಲ್ಲಿಗೆ ಕಚ್ಚಿಕೊಂಡ ಪಾಚಿಯ ಮೇಲ್ಪದರವು ಬಾಡೀತು. ಒಳಪದರವು ಕೆಲವು ದಿನಗಳಲ್ಲಿಯೇ ಮತ್ತೆ ಚಿಗುರುವುದು. ಪಾವಟಿಗೆಯನ್ನು ಉಜ್ಜಿ ತೊಳೆದವನಿಗೆ ಔಷಧದ ಅವಶ್ಯಕತೆಯೇ ಬೀಳದಿರಬಹುದು. ಬಿದ್ದರೂ ಉಜ್ಜಿದಮೇಲೆ ಹಾಕಿದ ಅಲ್ಪಪ್ರಮಾಣವೇ ಸಾಕಾಗುವುದು. (ಶ್ರವಣಬೆಳಗೊಳದ ಪ್ರಸ್ತಾಪ ಬಂದುದರಿಂದ ಇನ್ನೊಂದು ಮಾತು. ದಿಗಂಬರ ಮುನಿಗಳ ಇಪ್ಪತ್ತೆಂಟು ಮೂಲಗುಣಗಳಲ್ಲಿ ಅದಂತಧಾವನವೂ ಒಂದು. ಹಲ್ಲುಜ್ಜದಿರುವುದನ್ನು ವ್ರತವೆಂದು ಎಣಿಸಬೇಕಾದರೆ, ಉಜ್ಜುವುದು ಗೃಹಸ್ಥರ ದೇಹಸಂಸ್ಕಾರದಲ್ಲಿ ಎಷ್ಟು ರೂಢಮೂಲವಾಗಿತ್ತೆಂಬುದು ಇದರಿಂದ ವ್ಯಕ್ತವಾಗುತ್ತದೆ.)

ಕೊಳದ ಈ ದೃಷ್ಟಾಂತವು ಕಲ್ಪನೆ ಮಾತ್ರವಲ್ಲ. 1683ರಲ್ಲಿ ಡಚ್ ದೇಶದ ಲೇವನ್‌ಹುಕನು ತನ್ನ ಹಲ್ಲಿನಿಂದ ಕೆರೆದ ಬಿಳಿಯ ಪದಾರ್ಥವನ್ನು ತಾನೇ ಉಜ್ಜಿ ಮಾಡಿದ ಮಸೂರದಡಿಯಲ್ಲಿಟ್ಟು, ಅದರಲ್ಲಿ ಚಲಿಸುವ ಜೀವಿಗಳನ್ನು ಕಂಡು, ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದನು. ಅದೇ ಪತ್ರದಲ್ಲಿ ಇನ್ನೊಂದು ಸಂಗತಿಯೂ ಇದೆ. ಹಲ್ಲನ್ನು ಹುಳಿಕಾಡಿಯಿಂದ ತೊಳೆದರೆ ಪದರದ ಹೊರಮೈಯಲ್ಲಿದ್ದ ಜೀವಿಗಳು ಮಾತ್ರ ಸತ್ತವು, ದ್ರವವು ಒಳಕ್ಕೆ ಇಳಿಯಲಿಲ್ಲ ಎಂದು ಅವನು ಕಂಡುಕೊಂಡನು. ಮೊದಲನೆಯ ಸಂಗತಿಯು ಲೋಕಪ್ರಸಿದ್ಧವಾಯಿತು. ಎರಡನೆಯದಕ್ಕೆ ಯಾರೂ ಹೆಚ್ಚಿನ ಬೆಲೆ ಕೊಡಲಿಲ್ಲ. ಸುಮಾರು ಮುನ್ನೂರು ವರ್ಷಗಳ ಮೇಲೆ, 1978ರಲ್ಲಿ, ಕಾಸ್ಟರ್ಟನ್ ಮತ್ತು ಅವನ ಸಹೋದ್ಯೋಗಿಗಳು ಸೂಕ್ಷ್ಮಜೀವಿಗಳು ಸ್ವಭಾವತಃ ಅಂಟುಪದರಗಳಲ್ಲಿಯೇ ವಾಸಿಸುವುವೆಂಬುದನ್ನು ವಿಶದಪಡಿಸಿದರು. ಬಯೋಫಿಲ್ಮ್ ಎಂದು ಹೆಸರಾದ ಈ ಪದರವು ಅಂಟಿನ ಹೊದಿಕೆಯಿಂದ ಕೂಡಿದ್ದು, ಒಳಗಿರುವ ಜೀವಿಗಳು ನಿಧಾನವಾಗಿ ಬೆಳೆಯುತ್ತವೆ. ಬೆಳೆಯುವ ಜೀವಿಯನ್ನು ಹೊಡೆಯತಕ್ಕ ಔಷಧಗಳಿಗೆ ಅವು ಸುಲಭವಾಗಿ ಸಿಕ್ಕುವುದಿಲ್ಲ. ದ್ರವದಲ್ಲಿ ತೇಲುವ ಜೀವಿಯನ್ನು ಕೊಲ್ಲುವ ಔಷಧವು ಪದರದಲ್ಲಿರುವ ಅದೇ ಜೀವಿಯನ್ನು ಕೊಲ್ಲಲು ಕೆಲವೊಮ್ಮೆ ನೂರು, ಸಾವಿರ ಪಟ್ಟು ಬೇಕಾಗುವುದುಂಟು. ಅಷ್ಟು ಪ್ರಮಾಣವನ್ನು ರಕ್ತದ ಮೂಲಕ ವಸಡಿನ ಚೀಲಕ್ಕೆ ಒಯ್ಯುವುದು ಅಸಾಧ್ಯ. ಗುಳಿಗೆ ಮಾತ್ರದಿಂದ ಪರಿದಂತ ವ್ಯಾಧಿ ಗುಣವಾಗದೆಂಬುದಕ್ಕೆ ಮುಖ್ಯವಾದ ಕಾರಣವಿದೇ.

ಶಸ್ತ್ರರಹಿತ ಚಿಕಿತ್ಸೆಯೆಂದರೆ ವಸಡನ್ನು ಕೊಯ್ದು ಬಿಡಿಸದೆ, ಚೀಲದೊಳಕ್ಕೆ ಸಣ್ಣ ಉಪಕರಣಗಳನ್ನು ಇಳಿಸಿ, ಬೇರಿನ ಮೈಮೇಲಣ ಪಾಚಿಯನ್ನೂ ಕಿಟ್ಟವನ್ನೂ ತೆಗೆಯುವುದು. ಕೈಯಿಂದ ಹಿಡಿದು ಕೆರೆಯುವ ಉಪಕರಣಗಳೂ ವಿದ್ಯುತ್ತಿನಿಂದ ಅತಿವೇಗವಾಗಿ ಕಂಪಿಸುವ ಉಪಕರಣಗಳೂ ಉಂಟು. ಫಲದಲ್ಲಿ ಇವೆರಡಕ್ಕೂ ಹೇಳಿಕೊಳ್ಳುವಂಥ ಭೇದವಿಲ್ಲ. ರೋಗಿಗೆ ಹಲ್ಲುಗಳ ನಡುವೆ ಶುದ್ಧಿಮಾಡಿಕೊಳ್ಳುವುದನ್ನು ಕಲಿಸುವುದೂ ಈ ಚಿಕಿತ್ಸೆಯ ಅಂಗವೇ. ಬೇವಿನ ಕಡ್ಡಿ, ಹೊಂಗೆಯ ಕಡ್ಡಿ, ಇದ್ದಿಲ ಪುಡಿ, 1913ರಲ್ಲಿ ನಂಜನಗೂಡಿನಲ್ಲಿ ಬಿ. ವಿ. ಪಂಡಿತರು ಸ್ಥಾಪಿಸಿದ ಸದ್ವೈದ್ಯಶಾಲೆಯ ಹೆಸರುವಾಸಿಯಾದ ಹಲ್ಲುಪುಡಿ, ಈಚಿನ ಬ್ರಷ್ಷು: ಇವೆಲ್ಲವೂ ವಸಡಿನ ಮೇಲಣ ಭಾಗಕ್ಕೆ ಮಾತ್ರ ಎಟಕುತ್ತವೆ. 5 ಮಿಲಿಮೀಟರ್ ಆಳದ ಚೀಲದ ತಳಕ್ಕೆ ಹೋಗತಕ್ಕದ್ದು ವೈದ್ಯನ ಕೈಯೊಂದೇ. 1996ರಲ್ಲಿ ಪ್ರಕಟವಾದ ಕಾಬ್ ಎಂಬವನ ಸಂಗ್ರಹದ ಪ್ರಕಾರ, ಮೊದಲು 4ರಿಂದ 6 ಮಿಲಿಮೀಟರ್ ಆಳವಿದ್ದ ಚೀಲಗಳು ಹೀಗೆ ಶುದ್ಧಿಮಾಡಿದಮೇಲೆ ಸರಾಸರಿ 1.29 ಮಿಲಿಮೀಟರ್‌ನಷ್ಟೂ, 7 ಮಿಲಿಮೀಟರ್ ಅಥವಾ ಅದಕ್ಕೂ ಹೆಚ್ಚು ಆಳವಿದ್ದವು 2.16 ಮಿಲಿಮೀಟರ್‌ನಷ್ಟೂ ಆಳದಲ್ಲಿ ತಗ್ಗಿದುವು. ಔಷಧವಿಲ್ಲದೆ ದೊರೆತ ಈ ಫಲವೇ ಮುಂದಿನ ಎಲ್ಲ ಹೋಲಿಕೆಗೂ ಅಳತೆಗೋಲು.

ಇನ್ನು ಪ್ರತಿಜೀವಕಗಳ ಕಥೆ. 1928ರಲ್ಲಿ ಫ್ಲೆಮಿಂಗನು ಪೆನಿಸಿಲಿನ್ನನ್ನು ಕಂಡುದೂ, 1940ರ ಹೊತ್ತಿಗೆ ಆಕ್ಸ್‌ಫರ್ಡಿನಲ್ಲಿ ಅದು ಔಷಧವಾಗಿ ರೂಪುಗೊಂಡುದೂ ಸುವಿದಿತವಾಗಿದೆ. ವಸಡಿನ ಚಿಕಿತ್ಸೆಗೆ ಅದಕ್ಕಿಂತಲೂ ಹತ್ತಿರವಾದುದು ಟೆಟ್ರಸೈಕ್ಲಿನ್ ಎಂಬ ವಂಶ. ಅದರ ಮೊದಲನೆಯ ಔಷಧವಾದ ಆರಿಯೊಮೈಸಿನ್ 1948ರಲ್ಲಿ ಅಮೆರಿಕದ ಲೆಡರ್ಲೆ ಪ್ರಯೋಗಶಾಲೆಯಿಂದ ಹೊರಬಂದಿತು. ಮಣ್ಣಿನಲ್ಲಿ ಅದನ್ನು ಹುಡುಕಿದವನು ಡಗ್ಗರ್. ಆ ಸಂಶೋಧನ ವಿಭಾಗದ ನಿರ್ದೇಶಕರಾಗಿದ್ದವರು ಆಂಧ್ರದೇಶದ ಭೀಮವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವು. ಈ ವಂಶದ ಔಷಧಗಳಿಗೆ ವಸಡಿನ ಸಂದಿನಲ್ಲಿ ಒಸರುವ ದ್ರವದಲ್ಲಿ ಸೇರಿಕೊಳ್ಳುವ ಗುಣವೂ, ತಂತುಗಳನ್ನು ಕರಗಿಸುವ ಕಿಣ್ವವನ್ನು ತಡೆಯುವ ಗುಣವೂ ಉಂಟು. ಎರಡನೆಯ ಗುಣವನ್ನು 1983ರಲ್ಲಿ ಗೋಲಬ್ ಮತ್ತು ಸಂಗಡಿಗರು ತೋರಿಸಿದರು. ಅದರ ಫಲವಾಗಿ, ಸೂಕ್ಷ್ಮಜೀವಿಗಳನ್ನು ಕೊಲ್ಲಲಾರದಷ್ಟು ಅಲ್ಪಪ್ರಮಾಣದ ಡಾಕ್ಸಿಸೈಕ್ಲಿನ್ನನ್ನು ಕಿಣ್ವವನ್ನು ತಡೆಯುವುದಕ್ಕಾಗಿಯೇ ಕೊಡುವ ಪದ್ಧತಿಯೂ ಬಂದಿತು. ಆದರೆ ಈ ವಂಶಕ್ಕೆ ಒಂದು ದೋಷವಿದೆ. ಹಲ್ಲು ರೂಪುಗೊಳ್ಳುತ್ತಿರುವ ಎಳೆಯ ಮಕ್ಕಳಿಗೂ ಗರ್ಭಿಣಿಯರಿಗೂ ಕೊಟ್ಟರೆ ಅದು ಸುಣ್ಣದೊಡನೆ ಸೇರಿ ಮಗುವಿನ ಹಲ್ಲಿಗೆ ಅಳಿಸಲಾಗದ ಹಳದಿ ಅಥವಾ ಕಂದು ಬಣ್ಣವನ್ನು ಕೂಡಿಸುತ್ತದೆ.

ಮೆಟ್ರೊನಿಡಜೋಲ್ ಎಂಬ ಔಷಧವು ವಸಡಿಗೆ ಬಂದುದು ಆಕಸ್ಮಿಕವಾಗಿ. ಅದು ಸ್ತ್ರೀಯರ ಒಂದು ಗುಹ್ಯರೋಗಕ್ಕೆ ಉಪಯೋಗಿಸಲ್ಪಡುತ್ತಿತ್ತು. ಹಾಗೆ ಚಿಕಿತ್ಸೆ ಪಡೆಯುತ್ತಿದ್ದ ಒಬ್ಬ ರೋಗಿಗೆ ವಸಡಿನ ಹುಣ್ಣೂ ವಾಸಿಯಾಯಿತೆಂಬ ಸಂಗತಿಯನ್ನು 1962ರಲ್ಲಿ ಶಿನ್ ಎಂಬವನು ಇಂಗ್ಲೆಂಡಿನ ಲಾನ್ಸೆಟ್ ಪತ್ರಿಕೆಯಲ್ಲಿ ವರದಿಮಾಡಿದನು. ಆಳವಾದ ಚೀಲದಲ್ಲಿ ಗಾಳಿಯಿಲ್ಲದೆ ಬದುಕುವ ಜೀವಿಗಳೇ ಹೆಚ್ಚಾದುದರಿಂದ, ಅಂಥವುಗಳನ್ನೇ ಹೊಡೆಯುವ ಈ ಔಷಧವು ಅಲ್ಲಿಗೆ ಅನುರೂಪವಾಯಿತು. 1989ರಲ್ಲಿ ನೆದರ್ಲೆಂಡ್ಸಿನ ವಾನ್ ವಿಂಕೆಲ್‌ಹಾಫ್ ಮತ್ತು ಸಂಗಡಿಗರು ಇದನ್ನು ಅಮಾಕ್ಸಿಸಿಲಿನ್ನಿನೊಡನೆ ಕೂಡಿಸಿ ಕೊಟ್ಟು, ಕೆರೆಯುವಿಕೆ ಮಾತ್ರದಿಂದ ನೀಗದಿದ್ದ ಒಂದು ಜಾತಿಯ ಜೀವಿಯನ್ನು ಅಡಗಿಸಿದರು. ಆ ಜೀವಿಯು ಹಲ್ಲಿನ ಮೈಮೇಲಷ್ಟೇ ಅಲ್ಲದೆ ವಸಡಿನ ಮಾಂಸದೊಳಕ್ಕೂ ನುಗ್ಗತಕ್ಕದ್ದು. ಉಪಕರಣವು ಹೋಗಲಾರದ ಆ ಎಡೆಗೆ ರಕ್ತವು ಔಷಧವನ್ನು ಒಯ್ಯಬಲ್ಲುದು. ಪ್ರತಿಜೀವಕದ ಪಕ್ಷದಲ್ಲಿರುವ ಯುಕ್ತಿಗಳಲ್ಲಿ ಬಲವಾದುದು ಇದು.

ಹಾಗಾದರೆ ಎಲ್ಲರಿಗೂ ಏಕೆ ಕೊಡಬಾರದು? ಇದಕ್ಕೆ ಉತ್ತರವು ಸಿಂಹಳದ ಚಹಾತೋಟಗಳಿಂದ ಬಂದಿದೆ. 1970ರಲ್ಲಿ ಲೋ ಎಂಬ ನಾರ್ವೆಯ ವಿದ್ವಾಂಸನು ಅಲ್ಲಿನ 480 ಮಂದಿ ಕೂಲಿಗಾರರ ಬಾಯಿಗಳನ್ನು ಪರೀಕ್ಷಿಸತೊಡಗಿ, ಉಳಿದುಕೊಂಡವರನ್ನು ಹದಿನೈದು ವರ್ಷಗಳವರೆಗೆ ಮತ್ತೆ ಮತ್ತೆ ನೋಡಿದನು. ಅವರಲ್ಲಿ ರೂಢಿಯ ದಂತಶುದ್ಧಿಯಾಗಲಿ ದಂತಚಿಕಿತ್ಸೆಯಾಗಲಿ ಇರಲಿಲ್ಲ. ಎಲ್ಲರ ಹಲ್ಲಿನಲ್ಲಿಯೂ ಪಾಚಿ ಮತ್ತು ಕಿಟ್ಟ, ಎಲ್ಲರ ವಸಡಿನಲ್ಲಿಯೂ ಉರಿಯೂತ. ಆದರೂ 1986ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ವ್ಯಾಧಿಯು ವೇಗವಾಗಿ ಮುಂದುವರಿದುದು ಸುಮಾರು ನೂರಕ್ಕೆ 8 ಮಂದಿಯಲ್ಲಿ. ಮಧ್ಯಮಗತಿಯಲ್ಲಿ 81 ಮಂದಿಯಲ್ಲಿ. 11 ಮಂದಿಯಲ್ಲಿ ವಸಡಿನ ಉರಿಯೂತವನ್ನು ಮೀರಿ ಹೋಗಲೇ ಇಲ್ಲ. ಒಂದೇ ತೋಟ, ಒಂದೇ ಜೀವನಕ್ರಮ, ಒಂದೇ ಬಗೆಯ ಪಾಚಿ. ಫಲ ಮಾತ್ರ ಬೇರೆ. ದೇಹದ ಪ್ರತಿಕ್ರಿಯೆಯೇ ಈ ಭೇದಕ್ಕೆ ಬಹುಮಟ್ಟಿಗೆ ಕಾರಣ. ಆದ್ದರಿಂದ ನೂರಾರು ಮಂದಿಗೆ ಕೊಡುವ ಪ್ರತಿಜೀವಕದಲ್ಲಿ ಬಹುಭಾಗವು, ಅದಿಲ್ಲದೆಯೂ ಗುಣವಾಗುತ್ತಿದ್ದವರಿಗೆ ಸಲ್ಲುತ್ತದೆ.

ಲಾಭದ ಪ್ರಮಾಣವೂ ಪರಿಮಿತವಾದುದು. ಸಂಪೂರ್ಣವಾಗಿ ಕೆರೆದು ಶುದ್ಧಿಮಾಡಿದಮೇಲೆ ಸೇವಿಸಿದ ಪ್ರತಿಜೀವಕವು, ಕೆರೆಯುವಿಕೆ ಮಾತ್ರಕ್ಕಿಂತ, ಚೀಲದ ಆಳವನ್ನು ಆರು ತಿಂಗಳಿನಿಂದ ಒಂದು ವರ್ಷದ ಅವಧಿಯಲ್ಲಿ ಸರಾಸರಿ ಸುಮಾರು ಅರ್ಧ ಮಿಲಿಮೀಟರ್‌ನಷ್ಟು ಹೆಚ್ಚಾಗಿ ತಗ್ಗಿಸುವುದೆಂದು ಈಚಿನ ಸಂಗ್ರಹಗಳು ಹೇಳುತ್ತವೆ. ಆಳವಾದ ಚೀಲಗಳಲ್ಲಿ ಲಾಭ ಹೆಚ್ಚು, ಆಳವಿಲ್ಲದವುಗಳಲ್ಲಿ ಕಡಿಮೆ. 2020ರಲ್ಲಿ ಕಾಕ್ರೇನ್ ಸಂಸ್ಥೆಯವರು 45 ಪ್ರಯೋಗಗಳನ್ನು, ಅವುಗಳಲ್ಲಿ ಸೇರಿದ್ದ 2664 ಮಂದಿಯ ಫಲಿತಾಂಶಗಳನ್ನು ಶೋಧಿಸಿ, ಒಂದು ವರ್ಷವನ್ನು ದಾಟಿದಮೇಲೂ ಪ್ರಯೋಜನವು ನಿಲ್ಲುವುದೆಂಬುದಕ್ಕೆ ಸಾಕಾದಷ್ಟು ದೃಢವಾದ ಆಧಾರವಿಲ್ಲವೆಂದರು. ಅದೇ ವರ್ಷ ಯೂರೋಪಿನ ಪರಿದಂತವೈದ್ಯರ ಒಕ್ಕೂಟವು ಪ್ರಕಟಿಸಿದ ಮಾರ್ಗಸೂಚಿಯು ವಾಡಿಕೆಯಾಗಿ ಗುಳಿಗೆ ಕೊಡುವುದನ್ನು ನಿಷೇಧಿಸಿ, ಬಾಯಿಯ ಬಹುಭಾಗದಲ್ಲಿ ತೀವ್ರವಾಗಿ ವ್ಯಾಪಿಸಿದ ವ್ಯಾಧಿಯುಳ್ಳ ಯುವಕರಂಥ ಕೆಲವು ವರ್ಗಗಳಿಗೆ ಮಾತ್ರ ಆಲೋಚಿಸಬಹುದೆಂದು ಹೇಳಿತು. ಅರ್ಧ ಮಿಲಿಮೀಟರ್ ಎಂಬುದು ಅತ್ಯಲ್ಪವೆಂದು ತೋರಿದರೂ, ಇಪ್ಪತ್ತೈದನೆಯ ವಯಸ್ಸಿನಲ್ಲಿಯೇ ಎಲುಬನ್ನು ಕಳೆದುಕೊಳ್ಳುತ್ತಿರುವವನಿಗೆ ಅದು ಶಸ್ತ್ರಚಿಕಿತ್ಸೆ ಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸಬಲ್ಲುದು. ಐವತ್ತು ವರ್ಷದ ಸಾಧಾರಣ ರೋಗಿಗೆ ಅದರಿಂದ ಆಗುವ ಹೆಚ್ಚಳವು, ಹಲ್ಲುಗಳ ನಡುವೆ ದಿನವೂ ಶುದ್ಧಿಮಾಡಿಕೊಳ್ಳುವುದರಿಂದ ಆಗುವುದಕ್ಕಿಂತ ಹಿರಿದಲ್ಲ.

ಇಡೀ ದೇಹಕ್ಕೆ ಔಷಧ ಕೊಡುವ ಬದಲು ಚೀಲದೊಳಕ್ಕೇ ಇಡುವ ಮಾರ್ಗವೂ ಉಂಟು. 1979ರಲ್ಲಿ ಗುಡ್ಸನ್ ಎಂಬವನು ಟೆಟ್ರಸೈಕ್ಲಿನ್ ತುಂಬಿದ ಟೊಳ್ಳು ನೂಲನ್ನು ಚೀಲದಲ್ಲಿ ಸುತ್ತಿ ಇಟ್ಟನು. ಬೆಂಗಳೂರಿನಲ್ಲಿ 1958ರಲ್ಲಿ ಸ್ಥಾಪಿತವಾದ ಸರಕಾರಿ ದಂತ ಮಹಾವಿದ್ಯಾಲಯದ ವಿದ್ವಾಂಸರು ನೂರಕ್ಕೆ ಅರ್ಧಪಾಲು ಅಜಿತ್ರೊಮೈಸಿನ್ ಸೇರಿದ ಲೇಪವನ್ನು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದರು. ಅಲ್ಪಪ್ರಮಾಣದ ಔಷಧವು ಬೇಕಾದ ಎಡೆಯಲ್ಲಿಯೇ ಹೆಚ್ಚಿನ ಸಾಂದ್ರತೆಯನ್ನು ಪಡೆಯುವುದೂ ಕರುಳಿನ ಜೀವಿಗಳಿಗೆ ತೊಂದರೆಯಾಗದಿರುವುದೂ ಇದರ ಗುಣ. ಅಲ್ಲೊಂದು ಇಲ್ಲೊಂದು ಚೀಲವು ಮೊಂಡುಬಿದ್ದಾಗ ಇದು ತಕ್ಕ ಉಪಾಯ. ಇಪ್ಪತ್ತು ಚೀಲಗಳಿದ್ದರೆ ಖರ್ಚೂ ಕಾಲವೂ ಹೆಚ್ಚು.

ಮೇಲೆ ಹೇಳಿದ ಸಿದ್ಧಾಂತವು ಹಾಸನದ ಸೀಮೆಯಲ್ಲಿ ಯಾವ ರೂಪವನ್ನು ತಾಳುವುದೆಂಬುದೇ ಮುಖ್ಯವಾದ ಪ್ರಶ್ನೆ. ಅರಕಲಗೂಡು ತಾಲ್ಲೂಕು ಹೊಗೆಸೊಪ್ಪಿನ ನಾಡು; ರಾಮನಾಥಪುರದಲ್ಲಿ ತಂಬಾಕು ಮಂಡಳಿಯ ಹರಾಜುಕಟ್ಟೆಯಿದೆ. ಬೆಳೆಯುವುದಕ್ಕೂ ಸೇವಿಸುವುದಕ್ಕೂ ಅವಿನಾಭಾವವೇನೂ ಇಲ್ಲ. ಅಲ್ಲಿನ ಸೊಪ್ಪು ಬಹುಪಾಲು ಹೊರಗೆ ಹೋಗುತ್ತದೆ. ಆದರೆ ಬೀಡಿ, ಎಲೆಯಡಿಕೆಯೊಡನೆ ಹೊಗೆಸೊಪ್ಪು, ಕಡ್ಡಿಪುಡಿ, ಹಲ್ಲಿಗೆ ಉಜ್ಜುವ ನಸ್ಯ ಇವು ನಾಲ್ಕು ತಾಲ್ಲೂಕುಗಳಲ್ಲಿಯೂ ಇವೆ. ಹೊಗೆ ಸೇದುವವರಲ್ಲಿ ವಸಡಿನ ರಕ್ತನಾಳಗಳು ಕುಗ್ಗಿ ರಕ್ತಸ್ರಾವವು ಕಡಿಮೆಯಾಗುತ್ತದೆ. ಒಂದೇ ಒಂದು ಎಚ್ಚರಿಕೆಯ ಚಿಹ್ನೆಯೂ ಹೀಗೆ ಮರೆಯಾಗಿ, ರೋಗಿಯು ತನ್ನ ವಸಡು ಗಟ್ಟಿಯಾಗಿದೆಯೆಂದು ಭಾವಿಸುತ್ತಾನೆ. ಒಳಗೆ ಎಲುಬು ಇತರರಿಗಿಂತ ವೇಗವಾಗಿ ಕರಗುತ್ತಿರುತ್ತದೆ. ಮಧುಮೇಹದಿಂದಲೂ ವ್ಯಾಧಿಯ ಸಂಭವವು ಸುಮಾರು ಮೂರು ಪಟ್ಟು ಹೆಚ್ಚುತ್ತದೆ. 2018ರಲ್ಲಿ ಪ್ರಕಟವಾದ ಹೊಸ ವರ್ಗೀಕರಣದಲ್ಲಿ ದಿನಕ್ಕೆ ಹತ್ತು ಅಥವಾ ಹೆಚ್ಚು ಸಿಗರೇಟುಗಳನ್ನು ಸೇದುವವರನ್ನೂ ಸಕ್ಕರೆಯು ಹತೋಟಿಯಲ್ಲಿಲ್ಲದವರನ್ನೂ ವೇಗಗತಿಯ ವರ್ಗಕ್ಕೆ ಸೇರಿಸಿರುವುದು ಇದರಿಂದಲೇ. ಇಂಥವರಿಗೆ ಗುಳಿಗೆಗಿಂತ ಮೊದಲು ಬೇಕಾದುದು ಹೊಗೆಸೊಪ್ಪನ್ನು ಬಿಡುವುದೂ ಸಕ್ಕರೆಯನ್ನು ಹಿಡಿತಕ್ಕೆ ತರುವುದೂ ಆಗಿದೆ.

ಎರಡನೆಯ ತೊಡಕು ಕಾಲದ್ದು. ಶಸ್ತ್ರರಹಿತ ಚಿಕಿತ್ಸೆಗೆ ಹಲವು ಸಲ ಬರಬೇಕು. ಮೂರು ತಿಂಗಳ ಬಳಿಕ ಚೀಲಗಳನ್ನು ಮತ್ತೆ ಅಳೆಯಬೇಕು. ಆಮೇಲೂ ವರ್ಷಕ್ಕೆ ಒಂದೆರಡು ಬಾರಿಯಾದರೂ, ತೀವ್ರವಾದ ವ್ಯಾಧಿಯಲ್ಲಿ ಮೂರು ಮೂರು ತಿಂಗಳಿಗೊಮ್ಮೆ, ನೋಡಬೇಕು. ಹಾಸನದಲ್ಲಿ ಶ್ರೀ ಹಾಸನಾಂಬ ದಂತ ಮಹಾವಿದ್ಯಾಲಯವಿದೆ. ಆದರೆ ತಾಲ್ಲೂಕಿನ ಊರುಗಳಿಂದ ಅಲ್ಲಿಗೆ ಮೂವತ್ತು ನಲವತ್ತು ಕಿಲೋಮೀಟರ್. ಒಳಹಳ್ಳಿಗಳಿಂದ ಇನ್ನೂ ದೂರ. ಮುಂಗಾರಿನಲ್ಲಿ ಆಲೂಗೆಡ್ಡೆಯ ಬಿತ್ತನೆ ಅಥವಾ ಹೊಗೆಸೊಪ್ಪಿನ ನಾಟಿ, ಆಮೇಲೆ ಬ್ಯಾರನ್ನಿನಲ್ಲಿ ಸೊಪ್ಪನ್ನು ಹದಗೊಳಿಸುವ ರಾತ್ರಿಗಳು. ನೋವಿಲ್ಲದ ರೋಗಕ್ಕಾಗಿ ನಾಲ್ಕು ದಿನದ ಕೆಲಸ ಬಿಡುವ ಒಕ್ಕಲಿಗನು ವಿರಳ. ಔಷಧದ ಅಂಗಡಿ ಹತ್ತಿರ. ಗುಳಿಗೆಯ ಬೆಲೆ ಅಗ್ಗ. ಅಮಾಕ್ಸಿಸಿಲಿನ್, ಮೆಟ್ರೊನಿಡಜೋಲ್‌ಗಳು ವೈದ್ಯನ ಚೀಟಿಯಿಲ್ಲದೆ ಮಾರಕೂಡದ ಔಷಧಗಳೆಂದು ಕಾನೂನು ಹೇಳುತ್ತದೆ. ಚೀಟಿಯಿಲ್ಲದೆ ಮಾರುವುದು ದೇಶದಲ್ಲೆಲ್ಲ ಉಂಟು. ಮೂರು ದಿನದ ಗುಳಿಗೆಯಿಂದ ಊತವು ಇಳಿಯುತ್ತದೆ, ಕೀವು ನಿಲ್ಲುತ್ತದೆ. ನೀರಿನಲ್ಲಿ ತೇಲುವ ಜೀವಿಗಳು ಸತ್ತುವು, ಪಾವಟಿಗೆಯ ಪಾಚಿ ಉಳಿಯಿತು. ಕೆಲವು ತಿಂಗಳಲ್ಲಿ ಮತ್ತೆ ಊತ, ಮತ್ತೆ ಗುಳಿಗೆ. ಪ್ರತಿಯೊಂದು ಸುತ್ತಿನಲ್ಲಿಯೂ ಎಲುಬು ಸ್ವಲ್ಪ ಹೋಗುತ್ತದೆ; ಔಷಧಕ್ಕೆ ಬಗ್ಗದ ಜೀವಿಗಳು ಸ್ವಲ್ಪ ಹೆಚ್ಚುತ್ತವೆ. ಬಗ್ಗದಿರುವ ಶಕ್ತಿಯನ್ನು ಅವು ಇತರ ಜಾತಿಯ ಜೀವಿಗಳಿಗೂ ದಾಟಿಸಬಲ್ಲುವಾದುದರಿಂದ, ಇದರ ಸಾಲವನ್ನು ತೀರಿಸಬೇಕಾದವನು ಮುಂದೆ ನ್ಯುಮೋನಿಯದಲ್ಲಿ ಮಲಗಿದ ಬೇರೊಬ್ಬ ರೋಗಿಯೂ ಆಗಿರಬಹುದು.

ಮೂರನೆಯದು ಜನರಲ್ಲಿ ಬೇರೂರಿದ ಒಂದು ನಂಬಿಕೆ: ಹಲ್ಲನ್ನು ಕೆರೆಸಿ ಶುದ್ಧಿಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂಬುದು. ಇದು ಕೇವಲ ಅಜ್ಞಾನವಲ್ಲ, ಪ್ರತ್ಯಕ್ಷಾನುಭವದ ತಪ್ಪು ವ್ಯಾಖ್ಯಾನ. ಎಲುಬು ಕರಗಿದ ಹಲ್ಲುಗಳನ್ನು ಕಿಟ್ಟವು ಗಾರೆಯಂತೆ ಒಂದಕ್ಕೊಂದು ಅಂಟಿಸಿ ಹಿಡಿದಿರುತ್ತದೆ. ಊದಿದ ವಸಡು ಬೇರನ್ನು ಮರೆಮಾಡಿರುತ್ತದೆ. ಶುದ್ಧಿಮಾಡಿದಮೇಲೆ ಗಾರೆ ಹೋಯಿತು, ಊತ ಇಳಿಯಿತು, ಇದ್ದ ಸಡಿಲವು ಹೊರಬಿತ್ತು, ತಣ್ಣೀರು ಸೋಕಿದರೆ ಕೆಲವು ದಿನ ಝುಮ್ಮೆನ್ನತೊಡಗಿತು. ಇದನ್ನು ವೈದ್ಯನು ಮೊದಲೇ ತಿಳಿಸದಿದ್ದರೆ ರೋಗಿಯು ಎರಡನೆಯ ಸಲ ಬರುವುದಿಲ್ಲ; ಊರಿನಲ್ಲಿ ಇನ್ನು ಹತ್ತು ಮಂದಿಯನ್ನೂ ತಡೆಯುತ್ತಾನೆ. ಹೀಗೆ ಹಿಂದೆಗೆದವರೆಲ್ಲ ಗುಳಿಗೆಯ ಕಡೆಗೆ ತಿರುಗುತ್ತಾರೆ. ಪ್ರತಿಜೀವಕದ ಅತಿಬಳಕೆಗೆ ಔಷಧದ ಅಂಗಡಿಯಷ್ಟೇ ಈ ಭಯವೂ ಕಾರಣ.

ಪ್ರತಿಜೀವಕವು ಯುಕ್ತವೆಂದು ವೈದ್ಯನು ನಿರ್ಣಯಿಸಿದಲ್ಲಿ ಅದರ ಕಾಲಕ್ರಮವೂ ಮುಖ್ಯ. ಬಾಯಿಯ ಎಲ್ಲ ಭಾಗಗಳ ಶುದ್ಧಿಯನ್ನು ಸಾಧ್ಯವಾದರೆ ಒಂದು ವಾರದೊಳಗೆ ಮುಗಿಸಿ, ಕೊನೆಯ ದಿನ ಗುಳಿಗೆಯನ್ನು ಆರಂಭಿಸುವುದು ವಿಹಿತ. ಒಡೆದ ಪಾಚಿಯು ಮತ್ತೆ ಕೂಡಿಕೊಳ್ಳುವ ಮೊದಲು ಔಷಧವು ಅಲ್ಲಿರಬೇಕು. ಅಮಾಕ್ಸಿಸಿಲಿನ್, ಮೆಟ್ರೊನಿಡಜೋಲ್‌ಗಳ ಜೋಡಿಯನ್ನು ಸಾಮಾನ್ಯವಾಗಿ ಏಳು ದಿನ ಕೊಡುತ್ತಾರೆ. ಪೆನಿಸಿಲಿನ್ ಒಗ್ಗದವರಿಗೆ ಮೊದಲನೆಯದು ಅಪಾಯಕಾರಿ. ಎರಡನೆಯದನ್ನು ಸೇವಿಸುವಾಗ ಮದ್ಯವು ವರ್ಜ್ಯ, ಬಾಯಲ್ಲಿ ಲೋಹದ ರುಚಿಯೂ ಓಕರಿಕೆಯೂ ಬರುವುದುಂಟು. ರಕ್ತವನ್ನು ತೆಳುವಾಗಿಸುವ ವಾರ್ಫರಿನ್ ಸೇವಿಸುತ್ತಿರುವವರು ಅದನ್ನು ವೈದ್ಯನಿಗೆ ಮೊದಲೇ ಹೇಳತಕ್ಕದ್ದು. ಮೂರು ತಿಂಗಳ ಮೇಲೆ ಅಳೆದಾಗ ಚೀಲವು 4 ಮಿಲಿಮೀಟರ್‌ಗೆ ಇಳಿದು, ತಾಗಿದಾಗ ರಕ್ತ ಬಾರದಿದ್ದರೆ ಚಿಕಿತ್ಸೆಯು ಫಲಿಸಿತೆಂದು ತಿಳಿಯುವುದು. 6 ಮಿಲಿಮೀಟರ್‌ನಲ್ಲಿಯೇ ನಿಂತಿದ್ದರೆ ಅದೇ ಗುಳಿಗೆಯನ್ನು ಮತ್ತೊಮ್ಮೆ ಕೊಡುವುದಲ್ಲ, ಆ ಎಡೆಯನ್ನು ಮತ್ತೊಮ್ಮೆ ಕೆರೆಯುವುದು ಅಥವಾ ವಸಡನ್ನು ತೆರೆದು ನೋಡುವುದು ಮುಂದಿನ ಹೆಜ್ಜೆ.